ಏಳು ಸುತ್ತಿನ ಆಕಾಶ

ಭಾನು, ಸೋಮ, ಮಂಗಳ, ಬುಧ, ಗುರು, ಶುಕ್ರ, ಶನಿ. ಈ ಏಳು ಹೆಸರುಗಳಿಲ್ಲದೆ ನಮ್ಮ ಮನೆಗಳಲ್ಲಿ ವಾರ ಸಾಗುವುದಿಲ್ಲ. ಸೋಮವಾರ ಒಪ್ಪತ್ತು, ಶುಕ್ರವಾರ ಹೊಸ್ತಿಲ ಪೂಜೆ, ಶನಿವಾರ ಎಳ್ಳೆಣ್ಣೆಯ ದೀಪ. ಮಗಳ ಜಾತಕದಲ್ಲಿ ಕುಜ ಎಲ್ಲಿ ಕುಳಿತಿದ್ದಾನೆ ಎಂಬ ಒಂದೇ ಮಾತಿನ ಮೇಲೆ ಬಂದ ಸಂಬಂಧ ಮುರಿದುಹೋಗುವುದೂ ಉಂಟು. ಇದೇ ಏಳು ಗ್ರಹಗಳು ಇದೇ ಸರದಿಯಲ್ಲಿ ರೋಮನ್ನರ ವಾರದಲ್ಲೂ ಇದ್ದವು. ಅಲ್ಲಿಯೂ ಗುರು, ಶುಕ್ರ ಶುಭಗ್ರಹಗಳು. ಶನಿ, ಮಂಗಳ ಪಾಪಗ್ರಹಗಳು. ಒಂದು ವ್ಯತ್ಯಾಸ ಮಾತ್ರ ನೆನಪಿಡಬೇಕು. ನಮ್ಮ ಶುಕ್ರ ಅಸುರರ ಗುರು, ಗಂಡಸು. ಅವರ ಶುಕ್ರ ವೀನಸ್, ಪ್ರೇಮದ ದೇವತೆ, ಹೆಣ್ಣು.

ಯುರೋಪಿನ ಮಧ್ಯಯುಗದ ಕ್ರೈಸ್ತರು ಈ ಏಳು ಗ್ರಹಗಳಿಂದ ಒಂದು ದೊಡ್ಡ ಮನೆಯನ್ನೇ ಕಟ್ಟಿಕೊಂಡಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಲೇಖಕನೊಬ್ಬ, ಪಾಳುಬಿದ್ದಿದ್ದ ಆ ಮನೆಗೆ ಮತ್ತೆ ದೀಪ ಹಚ್ಚಿ ಮಕ್ಕಳಿಗೂ ದೊಡ್ಡವರಿಗೂ ಕಥೆ ಹೇಳಿದ. ಅವನು ಸಿ. ಎಸ್. ಲೂಯಿಸ್. ಆ ಮನೆಯ ಚೆಲುವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಹೆಣ್ಣುಮಗಳೊಬ್ಬಳು ಯಾವ ಮನೆಗೆ ಕಾಲಿಟ್ಟರೂ ಗೋಡೆಯ ಚಿತ್ತಾರದ ಜೊತೆಗೆ ಇನ್ನೊಂದನ್ನೂ ನೋಡಿಕೊಳ್ಳುತ್ತಾಳೆ: ಇಲ್ಲಿ ನನ್ನಂಥವಳು ಕೂರುವುದು ಎಲ್ಲಿ? ಈ ಪ್ರಬಂಧದ ಪ್ರಶ್ನೆ ಅಷ್ಟೇ.

ಮೊದಲು ಮನೆಯನ್ನು ನೋಡೋಣ. ನಟ್ಟನಡುವೆ ಭೂಮಿ. ಅದರ ಸುತ್ತ ಈರುಳ್ಳಿಯ ಪದರಗಳ ಹಾಗೆ ಒಂದರೊಳಗೊಂದು ಪಾರದರ್ಶಕ ಗೋಳಗಳು. ಮೊದಲನೆಯದು ಚಂದ್ರನದು, ಆಮೇಲೆ ಬುಧ, ಶುಕ್ರ, ಸೂರ್ಯ, ಮಂಗಳ, ಗುರು, ಶನಿ. ಅವುಗಳಾಚೆ ನಕ್ಷತ್ರಗಳ ಗೋಳ. ಅದರಾಚೆ ಎಲ್ಲವನ್ನೂ ತಿರುಗಿಸುವ ಆದಿಚಲನೆಯ ಗೋಳ. ಅದಕ್ಕೂ ಆಚೆ ಕಾಲವಿಲ್ಲದ, ಸ್ಥಳವಿಲ್ಲದ, ಬರೀ ಬೆಳಕೇ ಆದ ಪರಮಸ್ವರ್ಗ. ಚಂದ್ರನ ಕೆಳಗಿರುವುದೆಲ್ಲ ಹುಟ್ಟಿ, ಕೆಟ್ಟು, ಸಾಯುವಂಥದ್ದು. ಚಂದ್ರನ ಮೇಲಿರುವುದಕ್ಕೆ ಮುಪ್ಪೂ ಇಲ್ಲ, ಸಾವೂ ಇಲ್ಲ.

ಭೂಮಿಯನ್ನು ನಡುವೆ ಇಟ್ಟದ್ದು ಮನುಷ್ಯನ ಅಹಂಕಾರ ಎಂದು ನಾವು ಶಾಲೆಯಲ್ಲಿ ಕೇಳಿದ್ದೇವೆ. ಅದು ಪೂರ್ತಿ ನಿಜವಲ್ಲ. ಅವರ ಲೆಕ್ಕದಲ್ಲಿ ನಡು ಎಂದರೆ ಎಲ್ಲಕ್ಕಿಂತ ಕೆಳಗು. ಭಾರವಾದದ್ದೆಲ್ಲ ಬಂದು ತಂಗುವ ತಳ. ಭೂಮಿ ಎಷ್ಟು ಪುಟ್ಟದೆಂಬುದೂ ಅವರಿಗೆ ಗೊತ್ತಿತ್ತು. ಎರಡನೆಯ ಶತಮಾನದ ಟಾಲೆಮಿಯೇ, ನಕ್ಷತ್ರಗಳ ಗೋಳದ ಎದುರು ಭೂಮಿ ಒಂದು ಚುಕ್ಕೆಗೆ ಸಮ ಎಂದಿದ್ದ. ದಿನಕ್ಕೆ ನಲವತ್ತು ಮೈಲಿಗೂ ಸ್ವಲ್ಪ ಹೆಚ್ಚಿನಂತೆ ಮೇಲೇರುತ್ತ ಹೋದರೆ 8000 ವರ್ಷವಾದರೂ ನಕ್ಷತ್ರಗಳನ್ನು ಮುಟ್ಟಲಾಗದು ಎಂದು ಮಧ್ಯಯುಗದ ಒಂದು ಇಂಗ್ಲಿಷ್ ಸಂತಕಥೆಗಳ ಸಂಗ್ರಹ ಸಾಮಾನ್ಯ ಜನರಿಗೆ ಲೆಕ್ಕ ಹೇಳುತ್ತದೆ.

ಆದರೆ ಆ ದೂರ ಅವರನ್ನು ಹೆದರಿಸಲಿಲ್ಲ. ಅವರ ಆಕಾಶ ಕತ್ತಲೆಯದಾಗಿರಲಿಲ್ಲ, ಮೂಕವೂ ಆಗಿರಲಿಲ್ಲ. ಇರುಳೆಂದರೆ ಭೂಮಿಯ ನೆರಳು, ಒಂದು ಮೊನಚಾದ ಶಂಕುವಿನಂತೆ ಚಾಚಿಕೊಂಡದ್ದು. ಆ ನೆರಳು ದಾಟಿದರೆ ಎಲ್ಲೆಡೆ ಬೆಳಕು. ಗೋಳಗಳು ತಿರುಗುವಾಗ ಸಂಗೀತ ಹುಟ್ಟುತ್ತದೆ. ಹುಟ್ಟಿದಂದಿನಿಂದ ಕೇಳುತ್ತಲೇ ಇರುವುದರಿಂದ ನಮ್ಮ ಕಿವಿಗೆ ಅದು ತಿಳಿಯದು. ಗೋಳಗಳು ತಿರುಗುವುದಾದರೂ ಏಕೆ? ದೇವರ ಮೇಲಿನ ಪ್ರೀತಿಯಿಂದ. ನಾವು ಇಂದು ರಾತ್ರಿ ತಾರಸಿಗೆ ಹೋಗಿ ಮೇಲೆ ನೋಡಿದರೆ ಮನೆಯ ಹೊರಗಿನ ಕತ್ತಲನ್ನು ನೋಡಿದ ಹಾಗೆ ಅನಿಸುತ್ತದೆ. ಅವರಿಗೆ ಹೊರಗೆ ನಿಂತು, ಒಳಗಿನ ಹಬ್ಬದ ಬೆಳಕನ್ನು ನೋಡಿದ ಹಾಗೆ ಅನಿಸುತ್ತಿತ್ತು. ಇದು ಲೂಯಿಸ್‌ನ ಒಳನೋಟ, ಬಹಳ ದೊಡ್ಡದು.

ಅವನು ಹುಟ್ಟಿದ್ದು 1898ರಲ್ಲಿ, ಬೆಲ್‌ಫಾಸ್ಟ್‌ನಲ್ಲಿ. ಆಕ್ಸ್‌ಫರ್ಡಿನಲ್ಲಿ ಸುಮಾರು ಮೂವತ್ತು ವರ್ಷ ಪಾಠ ಹೇಳಿ, 1954ರಲ್ಲಿ ಕೇಂಬ್ರಿಜ್ಜಿನಲ್ಲಿ ಮಧ್ಯಯುಗ ಮತ್ತು ಪುನರುಜ್ಜೀವನ ಕಾಲದ ಸಾಹಿತ್ಯದ ಪ್ರಾಧ್ಯಾಪಕನಾದ. ಹಳೆಯ ಕಾವ್ಯ ಓದುವವರಿಗೆ ಈ ಆಕಾಶದ ನಕ್ಷೆ ಬೇಕೆಂದು ಅವನು ಕೊಡುತ್ತಿದ್ದ ಉಪನ್ಯಾಸಗಳು 'ದಿ ಡಿಸ್ಕಾರ್ಡೆಡ್ ಇಮೇಜ್' ಎಂಬ ಪುಸ್ತಕವಾಗಿ ಬಂದದ್ದು 1964ರಲ್ಲಿ, ಅವನು ತೀರಿಕೊಂಡ ಮರುವರ್ಷ. ಹೆಸರೇ ಹೇಳುವಂತೆ ಅದು ಕೈಬಿಟ್ಟ ಚಿತ್ರ. 1543ರಲ್ಲಿ ಕೊಪರ್ನಿಕಸ್‌ನ ಪುಸ್ತಕ ಬಂತು, 1610ರಲ್ಲಿ ಗೆಲಿಲಿಯೋ ದುರ್ಬೀನಿನಲ್ಲಿ ಕಂಡದ್ದನ್ನು ಪ್ರಕಟಿಸಿದ; ಆಮೇಲೆ ಈರುಳ್ಳಿಯ ಪದರಗಳು ಒಂದೊಂದಾಗಿ ಕಳಚಿಬಿದ್ದವು. ಲೂಯಿಸ್‌ಗೆ ಅದೆಲ್ಲ ಗೊತ್ತಿತ್ತು. ಆ ಚಿತ್ರ ಸುಳ್ಳು, ಆದರೆ ಸುಂದರ ಎನ್ನುವುದು ಅವನ ನಿಲುವು.

ವಿದ್ವಾಂಸನಾಗಿ ಕೈಬಿಟ್ಟದ್ದನ್ನು ಅವನು ಕಥೆಗಾರನಾಗಿ ಮತ್ತೆ ಎತ್ತಿಕೊಂಡ. 1938ರ 'ಔಟ್ ಆಫ್ ದಿ ಸೈಲೆಂಟ್ ಪ್ಲಾನೆಟ್' ಕಾದಂಬರಿಯಲ್ಲಿ ರ್‍ಯಾನ್ಸಮ್ ಎಂಬ ಭಾಷಾಪಂಡಿತನನ್ನು ಇಬ್ಬರು ದುರುಳರು ಅಪಹರಿಸಿ ಮಂಗಳಗ್ರಹಕ್ಕೆ ಒಯ್ಯುತ್ತಾರೆ. ದಾರಿಯಲ್ಲಿ ಕೊರೆಯುವ ಕತ್ತಲೆ, ಶೂನ್ಯ ಇರುತ್ತದೆಂದು ಅವನು ಹೆದರಿದ್ದ. ಸಿಕ್ಕಿದ್ದು ಮೈಮನಸ್ಸುಗಳನ್ನು ತುಂಬುವ ಬೆಳಕು. ಇದನ್ನು ಬಯಲು ಎಂದು ಕರೆಯುವುದಕ್ಕಿಂತ ಹಳಬರಂತೆ ಸ್ವರ್ಗ ಎನ್ನುವುದೇ ಸರಿ ಎಂದು ಅವನಿಗೆ ಅನಿಸುತ್ತದೆ. ಆ ಕಥೆಯಲ್ಲಿ ಒಂದೊಂದು ಗ್ರಹಕ್ಕೂ ಒಬ್ಬೊಬ್ಬ ದೇವದೂತ ಒಡೆಯ. ನಮ್ಮ ಭೂಮಿಯ ಒಡೆಯ ಮಾತ್ರ ದಾರಿತಪ್ಪಿದವನು; ಅದಕ್ಕೇ ಭೂಮಿ ಉಳಿದ ಗ್ರಹಗಳ ಮಾತುಕತೆಯಿಂದ ಹೊರಗಾಗಿ ಮೌನವಾಗಿದೆ. ಚಂದ್ರನ ಕೆಳಗಿನದೆಲ್ಲ ಕೆಡುವಂಥದ್ದು ಎಂಬ ಹಳೆಯ ನಂಬಿಕೆಯೇ ಇಲ್ಲಿ ಕಥೆಯ ಹುರಿಯಾಗಿದೆ.

1950ರಿಂದ 1956ರವರೆಗೆ ಬಂದ ಏಳು ನಾರ್ನಿಯಾ ಪುಸ್ತಕಗಳಲ್ಲೂ ಇದೇ ಆಕಾಶ. ಅಲ್ಲಿ ನಕ್ಷತ್ರಗಳು ಮನುಷ್ಯರೂಪದ ಜೀವಿಗಳು. 'ದಿ ವಾಯೇಜ್ ಆಫ್ ದಿ ಡಾನ್ ಟ್ರೆಡರ್'ನಲ್ಲಿ ಮುಪ್ಪಾಗಿ ವಿಶ್ರಾಂತಿಗೆ ಬಂದ ನಕ್ಷತ್ರವೊಂದು ಮಕ್ಕಳಿಗೆ ಸಿಗುತ್ತದೆ. ನಮ್ಮ ಲೋಕದಲ್ಲಿ ನಕ್ಷತ್ರವೆಂದರೆ ಉರಿಯುವ ಅನಿಲದ ಉಂಡೆ ಎಂದು ಹುಡುಗನೊಬ್ಬ ಹೇಳಿದಾಗ, ಅದು ಯಾವುದರಿಂದ ಆಗಿದೆಯೆಂಬುದನ್ನು ನೀನು ಹೇಳಿದೆ, ಅದು ಏನೆಂಬುದನ್ನಲ್ಲ ಎಂಬರ್ಥದ ಉತ್ತರ ಬರುತ್ತದೆ. ಮೈಕೆಲ್ ವಾರ್ಡ್ ಎಂಬ ವಿಮರ್ಶಕ 2008ರ 'ಪ್ಲಾನೆಟ್ ನಾರ್ನಿಯಾ'ದಲ್ಲಿ ಇನ್ನೂ ಮುಂದೆ ಹೋಗಿ, ಏಳು ಪುಸ್ತಕಗಳು ಏಳು ಗ್ರಹಗಳಿಗೆ ಸೇರಿದವು ಎಂದು ವಾದಿಸಿದ. ಮೊದಲನೆಯದು ಗುರುವಿನ ಪುಸ್ತಕ, ಚಳಿಗಾಲ ಕಳೆದು ಹಬ್ಬ ಬರುವ ಕಥೆ. ಕೊನೆಯದು ಶನಿಯದು, ಲೋಕವೇ ಮುಪ್ಪಾಗಿ ಮುಗಿಯುವ ಕಥೆ. ಈ ವಾದವನ್ನು ಒಪ್ಪದವರೂ ಇದ್ದಾರೆ. ನನಗೆ ಏಳಕ್ಕೆ ಏಳೂ ಹೊಂದುತ್ತವೆ ಎನಿಸುವುದಿಲ್ಲ. ಆದರೆ ಒಂದು ಮಾತ್ರ ನನ್ನನ್ನು ಬಿಡದೆ ಹಿಡಿಯಿತು.

ವಾರ್ಡ್ ಶುಕ್ರನಿಗೆ, ಎಂದರೆ ವೀನಸ್‌ಗೆ, ಕೊಟ್ಟದ್ದು 1955ರ 'ದಿ ಮೆಜೀಶಿಯನ್ಸ್ ನೆಫ್ಯೂ'. ಸಿಂಹ ಹಾಡಿ ಲೋಕವನ್ನು ಸೃಷ್ಟಿಸುವ ಪುಸ್ತಕ ಅದು; ನಕ್ಷತ್ರಗಳೂ ಆ ಹಾಡಿಗೆ ದನಿಗೂಡಿಸುತ್ತವೆ. ಅದರ ಹುಡುಗ ಡಿಗರಿಯ ತಾಯಿ ಹಾಸಿಗೆ ಹಿಡಿದಿದ್ದಾಳೆ, ಬದುಕುವ ಆಸೆಯಿಲ್ಲ. ಕೊನೆಗೆ ಆ ಹೊಸ ಲೋಕದ ಒಂದು ಸೇಬು ಅವಳನ್ನು ಉಳಿಸುತ್ತದೆ. ಲೂಯಿಸ್‌ನ ಸ್ವಂತ ತಾಯಿ ಫ್ಲೋರಾ, ಹೆಣ್ಣುಮಕ್ಕಳು ಕಾಲೇಜು ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಕಾಲದಲ್ಲಿ ಗಣಿತ, ತರ್ಕಶಾಸ್ತ್ರ ಓದಿ ಪದವಿ ಪಡೆದವಳು. 1908ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಳು. ಮಗನಿಗೆ ಆಗ ಒಂಬತ್ತು ವರ್ಷ. ಆ ಹುಡುಗನ ಪ್ರಾರ್ಥನೆ ಫಲಿಸಲಿಲ್ಲ. ಐವತ್ತು ದಾಟಿದ ಮೇಲೆ ಅವನು ಕಥೆಯಲ್ಲಿ ತಾಯಿಯನ್ನು ಎಬ್ಬಿಸಿ ಕೂರಿಸಿದ. ಹಳೆಯ ಆಕಾಶ ಅವನಿಗೆ ಏಕೆ ಬೇಕಾಗಿತ್ತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತಿಳಿಯದು. ಕೇಳಿಸಿಕೊಳ್ಳುವವರು ಯಾರೂ ಇಲ್ಲದ ಬಯಲಿಗಿಂತ, ಹಾಡುವ ಆಕಾಶದ ಕೆಳಗೆ ತಾಯಿಯನ್ನು ಕಳೆದುಕೊಳ್ಳುವುದು ಸ್ವಲ್ಪವಾದರೂ ಸಹ್ಯ.

ಇಲ್ಲಿಯವರೆಗೆ ಚಿತ್ತಾರದ ಮಾತಾಯಿತು. ಇನ್ನು ಮೆಟ್ಟಿಲುಗಳಿಗೆ ಬರೋಣ. ಈ ಆಕಾಶದಲ್ಲಿ ಪ್ರತಿಯೊಂದಕ್ಕೂ ಒಂದು ಮೇಲು, ಒಂದು ಕೆಳಗು ಇತ್ತು. ದೇವರ ಕೆಳಗೆ ದೇವದೂತರು, ಅವರ ಕೆಳಗೆ ಮನುಷ್ಯರು, ಮನುಷ್ಯರಲ್ಲಿ ಗಂಡಿನ ಕೆಳಗೆ ಹೆಣ್ಣು. ಗಂಡು ಆಳುವ ತತ್ವ, ಹೆಣ್ಣು ಒಪ್ಪಿಕೊಳ್ಳುವ ತತ್ವ. ಗ್ರಹಗಳು ಸುತ್ತುವಷ್ಟೇ ಸಹಜವಾಗಿ ಇದೂ ನಡೆಯಬೇಕು.

ಡಾಂಟೆಯ ಕಾವ್ಯದಲ್ಲೇ ನೋಡಿ. ಅವನನ್ನು ಗೋಳದಿಂದ ಗೋಳಕ್ಕೆ ಕರೆದೊಯ್ಯುವವಳು ಬಿಯಾಟ್ರಿಸ್, ಒಬ್ಬ ಹೆಣ್ಣು. ಚಂದ್ರನ ಮೈಮೇಲಿನ ಕಲೆ ಏಕೆ ಬಂತೆಂದು ಅವನಿಗೆ ಶಾಸ್ತ್ರೋಕ್ತವಾಗಿ ಪಾಠ ಹೇಳುವವಳೂ ಅವಳೇ. ಆದರೆ ಅತಿ ಕೆಳಗಿನ ಚಂದ್ರಗೋಳದಲ್ಲಿ ಸಿಗುವವಳು ಪಿಕಾರ್ದಾ. ಸನ್ಯಾಸಿನಿಯಾಗಿದ್ದ ಅವಳನ್ನು ಮನೆಯ ಗಂಡಸರು ಮಠದಿಂದ ಎಳೆದುತಂದು ಮದುವೆ ಮಾಡಿದರು. ವ್ರತ ಮುರಿದದ್ದಕ್ಕೆ ಅವಳಿಗೆ ಕೆಳಗಿನ ಮೆಟ್ಟಿಲು. ಇನ್ನೂ ಮೇಲೆ ಹೋಗುವ ಆಸೆಯಿಲ್ಲವೇ ಎಂದು ಡಾಂಟೆ ಕೇಳಿದರೆ, ದೇವರಿಟ್ಟಲ್ಲಿ ಇರುವುದೇ ಸುಖ ಎಂಬಂತೆ ನಗುತ್ತಾಳೆ. ಸೂರ್ಯಗೋಳದಲ್ಲಿ ಎರಡು ವೃತ್ತಗಳಾಗಿ ಬೆಳಗುವ 24 ಜ್ಞಾನಿಗಳಲ್ಲಿ ಒಬ್ಬ ಹೆಣ್ಣೂ ಇಲ್ಲ. ಡಾಂಟೆಗೆ ಅನ್ಯಾಯ ಮಾಡಬಾರದು: ಎಲ್ಲ ಆತ್ಮಗಳೂ ನಿಜವಾಗಿ ಇರುವುದು ಪರಮಸ್ವರ್ಗದಲ್ಲೇ, ಗೋಳಗಳಲ್ಲಿ ಕಾಣಿಸುವುದು ಅವನಿಗೆ ತಿಳಿಯಲೆಂದು ಎಂದು ಬಿಯಾಟ್ರಿಸ್ ಹೇಳುತ್ತಾಳೆ, ಮೇಲೆ ಮೇರಿಯಿದ್ದಾಳೆ, ಈವ್ ಇದ್ದಾಳೆ. ಆದರೂ ಪಿಕಾರ್ದಾಳ ಆ ನಗು ನನ್ನನ್ನು ಕಾಡುತ್ತದೆ. ತವರಿನವರು ಮಾಡಿದ ಜುಲುಮೆಗೆ ಹೆಣ್ಣುಮಗಳು ದಂಡ ತೆತ್ತು, ನಾನು ಸುಖವಾಗಿದ್ದೇನೆ ಎನ್ನುವ ನಗುವನ್ನು ನಾವು ಬೇರೆ ಕಡೆಗಳಲ್ಲೂ ಕಂಡಿದ್ದೇವೆ.

ಲೂಯಿಸ್ ಬೆಳಕನ್ನು ತಂದಾಗ ಮೆಟ್ಟಿಲನ್ನೂ ತಂದ. 1943ರ 'ಪೆರೆಲಾಂಡ್ರ' ಅವನ ಅತ್ಯಂತ ಸುಂದರ ಕಾದಂಬರಿ. ಅದು ನಡೆಯುವುದು ಶುಕ್ರಗ್ರಹದಲ್ಲಿ: ಬಂಗಾರದ ಬಾನು, ಅಲೆಗಳ ಮೇಲೆ ತೇಲುವ ದ್ವೀಪಗಳು, ಹಸಿರು ಮೈಬಣ್ಣದ ಆದಿಮಾತೆ. ತೇಲದ ನೆಲದಲ್ಲಿ ರಾತ್ರಿ ತಂಗಬಾರದೆಂಬುದೊಂದೇ ಅವಳಿಗಿರುವ ನಿಷೇಧ. ಸೈತಾನ ಹೊಕ್ಕ ವಿಜ್ಞಾನಿಯೊಬ್ಬ ಅವಳ ಮನಸ್ಸು ಕೆಡಿಸಲು ಬರುತ್ತಾನೆ. ಅವನು ಬಳಸುವ ಆಯುಧ ಕಥೆ. ಎಲ್ಲರೂ ಬೇಡವೆಂದಾಗ ಒಂಟಿಯಾಗಿ ನಿಂತು, ಮಕ್ಕಳಿಗಾಗಿಯೋ ತನ್ನ ಜನಕ್ಕಾಗಿಯೋ ನಿಷೇಧವನ್ನು ಮೀರಿದ ಧೀರ ಹೆಣ್ಣುಗಳ ಕಥೆಗಳನ್ನು ಅವನು ದಿನಗಟ್ಟಲೆ ಹೇಳುತ್ತಾನೆ. ನಾವು ತಲೆಯಮೇಲಿಟ್ಟುಕೊಂಡು ಓದಿದ ಎಷ್ಟೋ ಕಥೆಗಳ ತಿರುಳು ಅದೇ. ಲೂಯಿಸ್ ಅದನ್ನು ಸೈತಾನನ ಬಾಯಿಗೆ ಹಾಕಿಬಿಟ್ಟ. ಹೆಣ್ಣಿನ ಧೈರ್ಯವನ್ನು ಹೊಗಳಿ ಅವಳನ್ನೇ ಬಲಿಗೊಡುವ ಕಥೆಗಳೂ ಇವೆಯೆಂಬುದು ನಿಜ. ಆ ಎಚ್ಚರ ನಮಗೂ ಬೇಕು. ಆದರೆ ಮುಂದೇನಾಯಿತು? ವಾದ ಮುಗಿಯುವುದೇ ಇಲ್ಲ. ಕೊನೆಗೆ ರ್‍ಯಾನ್ಸಮ್ ಸೈತಾನನ ಮೇಲೆ ಬಿದ್ದು ಬರಿಗೈಯಲ್ಲಿ ಹೊಡೆದಾಡುತ್ತಾನೆ. ಆ ಹೊತ್ತಿಗೆ ಅವಳನ್ನು ನಿದ್ದೆ ಆವರಿಸಿರುತ್ತದೆ. ಪರೀಕ್ಷೆ ಅವಳದು, ತೀರ್ಮಾನ ಗಂಡಸಿನ ಮುಷ್ಟಿಯದು.

ಇದರ ಮುಂದಿನದು 1945ರ 'ದಟ್ ಹಿಡಿಯಸ್ ಸ್ಟ್ರೆಂತ್'. ಅದರಲ್ಲಿ ಗ್ರಹದೇವತೆಗಳೇ ಇಂಗ್ಲೆಂಡಿನ ಒಂದು ಮನೆಗೆ ಇಳಿದು ಬರುತ್ತಾರೆ. ಬುಧ ಬಂದಾಗ ಅಡುಗೆಮನೆಯಲ್ಲಿದ್ದವರ ಮಾತಿಗೆ ರೆಕ್ಕೆ ಮೂಡುವುದು, ಗುರು ಬಂದಾಗ ಎಲ್ಲರೂ ಕುಣಿಯತೊಡಗುವುದು, ಓದಲು ಬಲು ಸೊಗಸು. ಇದೇ ಪುಸ್ತಕದ ಜೇನ್ ಹೊಸದಾಗಿ ಮದುವೆಯಾದವಳು, ಕವಿ ಡನ್‌ನ ಮೇಲೆ ಪ್ರಬಂಧ ಬರೆಯಲು ಹೊರಟವಳು. ಮಗುವನ್ನು ಮುಂದೂಡಿದ್ದಾಳೆ, ಗಂಡನಿಗೂ ಅದು ಒಪ್ಪಿಗೆಯೇ. ಹಳೆಯ ಕಾಲದ ಮಾಂತ್ರಿಕ ಮರ್ಲಿನ್ ಎದ್ದುಬಂದು, ನಾಡನ್ನು ಉಳಿಸಬೇಕಿದ್ದ ಮಗು ಇವಳಿಂದಾಗಿ ಹುಟ್ಟದೇ ಹೋಯಿತು, ಇವಳ ತಲೆ ತೆಗೆಯಬೇಕು ಎನ್ನುತ್ತಾನೆ. ಲೂಯಿಸ್ ತಲೆ ತೆಗೆಯಲು ಬಿಡುವುದಿಲ್ಲ. ಆದರೆ ಜೇನ್ ಕಲಿಯಬೇಕಾದ ಪಾಠ ವಿಧೇಯತೆ ಎಂಬುದರಲ್ಲಿ ಅವನಿಗೆ ಸಂಶಯವಿಲ್ಲ. ಅವಳು ಗಂಡನ ಬಳಿಗೆ ಮರಳುವಲ್ಲಿಗೆ ಕಾದಂಬರಿ ಮುಗಿಯುತ್ತದೆ. ಆ ಪ್ರಬಂಧ ಏನಾಯಿತೆಂದು ಕೇಳುವವರಿಲ್ಲ.

ಕೊನೆಗೆ ಸೂಸನ್. ನಾರ್ನಿಯಾಕ್ಕೆ ಮೊದಲು ಹೋದ ನಾಲ್ವರಲ್ಲಿ ಒಬ್ಬಳು, ಅಲ್ಲಿ ರಾಣಿಯಾಗಿ ಆಳಿದವಳು. 1956ರ 'ದಿ ಲಾಸ್ಟ್ ಬ್ಯಾಟಲ್'ನಲ್ಲಿ ನಕ್ಷತ್ರಗಳು ಆಕಾಶದಿಂದ ಇಳಿದು ಮನೆಗೆ ಮರಳುತ್ತವೆ, ಬಾಗಿಲು ಮುಚ್ಚುತ್ತದೆ, ಹಳೆಯ ಗೆಳೆಯರೆಲ್ಲ ನಿಜವಾದ ನಾರ್ನಿಯಾದಲ್ಲಿ ಸೇರುತ್ತಾರೆ. ಸೂಸನ್ ಮಾತ್ರ ಇಲ್ಲ. ಅವಳಿಗೀಗ ನಾರ್ನಿಯಾ ಬರೀ ಹುಡುಗಾಟಿಕೆ. ಅವಳ ಗಮನವೆಲ್ಲ ನೈಲಾನ್ ಕಾಲುಚೀಲ, ಲಿಪ್‌ಸ್ಟಿಕ್, ಪಾರ್ಟಿಗಳ ಮೇಲೆ ಎಂದು ಉಳಿದವರು ಎರಡು ಮಾತಿನಲ್ಲಿ ಮುಗಿಸುತ್ತಾರೆ. ಅವಳ ಅಪ್ಪ, ಅಮ್ಮ, ಇಬ್ಬರು ತಮ್ಮ-ಅಣ್ಣಂದಿರು, ತಂಗಿ ಎಲ್ಲರೂ ಒಂದೇ ರೈಲು ಅಪಘಾತದಲ್ಲಿ ಸತ್ತಿದ್ದಾರೆ. ಅವರಿಗೆಲ್ಲ ಅದು ಹಬ್ಬದ ಬೆಳಗು. ಇಂಗ್ಲೆಂಡಿನಲ್ಲಿ ಆ ಹುಡುಗಿ ಐದು ಹೆಣಗಳ ನಡುವೆ ಒಬ್ಬಳೇ ನಿಂತಿರಬೇಕು. ಆ ಚಿತ್ರ ಪುಸ್ತಕದಲ್ಲಿಲ್ಲ.

ಲೂಯಿಸ್‌ನ ಪರವಾಗಿ ಹೇಳುವ ಮಾತುಗಳಿವೆ, ಹೇಳಲೇಬೇಕು. ಸೂಸನ್ ಹೊರಗುಳಿದದ್ದು ಲಿಪ್‌ಸ್ಟಿಕ್ಕಿಗಾಗಿ ಅಲ್ಲ, ತಾನು ಕಂಡ ಸತ್ಯವನ್ನು ಅಲ್ಲಗಳೆದದ್ದಕ್ಕೆ ಎನ್ನುವವರಿದ್ದಾರೆ. ಅವಳು ಬದುಕಿದ್ದಾಳೆ, ತಿದ್ದಿಕೊಳ್ಳಲು ಸಮಯವಿದೆ, ತನ್ನದೇ ದಾರಿಯಲ್ಲಿ ಬಂದಾಳು ಎಂದು ಲೂಯಿಸ್ 1957ರಲ್ಲಿ ಪುಟ್ಟ ಓದುಗನಿಗೆ ಕಾಗದ ಬರೆದಿದ್ದ. ಏಳೂ ಪುಸ್ತಕಗಳಲ್ಲಿ ಸಿಂಹವನ್ನು ಅತಿ ಸ್ಪಷ್ಟವಾಗಿ ಕಾಣಬಲ್ಲವಳು ಲೂಸಿ, ಅವಳೂ ಹುಡುಗಿಯೇ. ಇದೆಲ್ಲ ಸರಿ. ಆದರೆ ಲೂಸಿಗೆ ಒಳಗೆ ಜಾಗ ಸಿಕ್ಕಿದ್ದು ಅವಳು ಮಗುವಿನ ಮನಸ್ಸನ್ನು ಉಳಿಸಿಕೊಂಡದ್ದಕ್ಕೆ. ಬೆಳೆದು ದೊಡ್ಡವಳಾಗುವ ಆತುರವಿದ್ದ ಹುಡುಗಿಗೆ ಆ ಆಕಾಶದಲ್ಲಿ ಯಾವ ಮೆಟ್ಟಿಲೆಂಬುದು ಲೂಯಿಸ್‌ಗೆ ತಿಳಿಯಲಿಲ್ಲ. ಅದಕ್ಕೇ ಅವಳನ್ನು ಕಾಗದದಲ್ಲಿ ಕ್ಷಮಿಸಿದ, ಕಥೆಯಲ್ಲಿ ಬಿಟ್ಟ.

ಹಾಗಾದರೆ ಆ ಮನೆಯನ್ನೇ ಬಿಟ್ಟು ಎದ್ದು ಬರಬೇಕೇ? ನನ್ನ ಉತ್ತರ ಲೂಯಿಸ್‌ನ ವಿದ್ವತ್ಪುಸ್ತಕದಲ್ಲೇ ಇದೆ. 'ದಿ ಡಿಸ್ಕಾರ್ಡೆಡ್ ಇಮೇಜ್'ನ ಕೊನೆಯ ಪುಟಗಳಲ್ಲಿ ಅವನು ಹೇಳುವುದಿಷ್ಟು: ವಿಶ್ವದ ಯಾವ ಚಿತ್ರವೂ ಬರೀ ತಿಳಿವಳಿಕೆಯಿಂದ ಆದದ್ದಲ್ಲ; ಆ ಕಾಲದವರ ಮನಸ್ಸು, ಅವರಿಗೆ ಬೇಕಾದದ್ದು, ಅವರು ಕೇಳಿದ ಪ್ರಶ್ನೆಗಳು ಅದರಲ್ಲಿ ಬೆರೆತಿರುತ್ತವೆ. ಹೀಗಿದ್ದ ಮೇಲೆ ಆ ಮೆಟ್ಟಿಲುಗಳೂ ನಕ್ಷತ್ರಗಳಿಂದ ಬಂದವಲ್ಲ. ಮನೆಗಳಲ್ಲಿ, ಅರಮನೆಗಳಲ್ಲಿ, ಮಠಗಳಲ್ಲಿ ಆಗಲೇ ಇದ್ದ ಮೆಟ್ಟಿಲುಗಳನ್ನು ಯಾರೋ ಆಕಾಶಕ್ಕೆ ಏರಿಸಿದ್ದರು. ಸೂರ್ಯ ಭೂಮಿಯನ್ನು ಸುತ್ತುತ್ತಾನೆಂದು ನಂಬದೆಯೇ ಆ ಸಂಗೀತವನ್ನು ಪ್ರೀತಿಸಬಹುದಾದರೆ, ಹೆಣ್ಣು ಕೆಳಗೆಂದು ನಂಬದೆಯೂ ಪ್ರೀತಿಸಬಹುದು. ವಿದ್ವಾಂಸ ಲೂಯಿಸ್ ಹೇಳಿಕೊಟ್ಟ ಈ ಮಾತನ್ನು ಕಥೆಗಾರ ಲೂಯಿಸ್ ಮರೆತ.

ಮಧ್ಯಯುಗದ ಹೆಣ್ಣುಮಕ್ಕಳೇ ಇದನ್ನು ಮಾಡಿ ತೋರಿಸಿದ್ದರು. ಹನ್ನೆರಡನೆಯ ಶತಮಾನದ ಜರ್ಮನಿಯಲ್ಲಿ ಹಿಲ್ಡೆಗಾರ್ಡ್ ಎಂಬ ಮಠಾಧಿಕಾರಿಣಿ ತನ್ನ ದರ್ಶನದಲ್ಲಿ ವಿಶ್ವವನ್ನು ಒಂದು ದೊಡ್ಡ ಮೊಟ್ಟೆಯ ಆಕಾರದಲ್ಲಿ ಕಂಡಳು. ಕ್ರಿಸ್ತೀನ್ ದ ಪಿಸಾನ್ ಫ್ರಾನ್ಸಿನ ರಾಜನ ಜ್ಯೋತಿಷಿಯ ಮಗಳು. ಇಪ್ಪತ್ತೈದರ ಸುಮಾರಿಗೆ ಗಂಡನನ್ನು ಕಳೆದುಕೊಂಡು, ಮಕ್ಕಳನ್ನೂ ತಾಯಿಯನ್ನೂ ಲೇಖನಿಯಿಂದಲೇ ಸಾಕಿದವಳು. 1402-03ರಲ್ಲಿ ಬರೆದ ಕಾವ್ಯವೊಂದರಲ್ಲಿ ಅವಳು ಪ್ರಾಚೀನ ರೋಮಿನ ಸಿಬಿಲ್ ಎಂಬ ಮುದುಕಿಯ ಕೈಹಿಡಿದು ಆಕಾಶಕ್ಕೇರಿ ಗ್ರಹಗಳ ಚಲನೆಯನ್ನು ಕಣ್ಣಾರೆ ನೋಡುತ್ತಾಳೆ. ಡಾಂಟೆ ಹತ್ತಿದ ಆಕಾಶವೇ. ಈ ಸಲ ಹತ್ತುವವಳೂ ಹೆಣ್ಣು, ದಾರಿ ತೋರುವವಳೂ ಹೆಣ್ಣು.

ಇನ್ನೊಂದು ಮಾತಿದೆ. ಸೂಸನ್‌ಗೆ ಬಾಗಿಲು ಮುಚ್ಚಿದ 1956ರಲ್ಲೇ ಲೂಯಿಸ್‌ನ 'ಟಿಲ್ ವಿ ಹ್ಯಾವ್ ಫೇಸಸ್' ಬಂತು. ಅದನ್ನು ಬರೆಯುವಾಗ ಅವನ ಜೊತೆಗಿದ್ದು ಚರ್ಚಿಸಿದವಳು ಜಾಯ್ ಡೇವಿಡ್‌ಮನ್, ತಾನೂ ಲೇಖಕಿ. ಅದೇ ವರ್ಷ ಅವನನ್ನು ಮದುವೆಯಾದಳು. ಆ ಕಾದಂಬರಿಯಲ್ಲಿ ಏಳು ಗೋಳಗಳಿಲ್ಲ, ಕ್ರಿಸ್ತನಿಗೂ ಹಿಂದಿನ ಒಂದು ಕಲ್ಪಿತ ರಾಜ್ಯವಿದೆ. ಕಥೆ ಹೇಳುವವಳು ಒರುವಲ್, ಕುರೂಪಿ ರಾಣಿ. ಮುಖಕ್ಕೆ ಮುಸುಕು ಹಾಕಿ ರಾಜ್ಯ ಆಳುತ್ತಾಳೆ, ಕತ್ತಿ ಹಿಡಿದು ಕಾದುತ್ತಾಳೆ, ಗ್ರೀಕ್ ಓದುತ್ತಾಳೆ. ದೇವರುಗಳ ಮೇಲೆ ಅವಳು ಒಂದು ದೂರು ಬರೆಯುತ್ತಾಳೆ. ಆ ದೂರೇ ಪುಸ್ತಕ. ಕೊನೆಗೆ ಅದನ್ನು ದೇವರುಗಳೆದುರು ನಿಂತು ಓದುತ್ತಾಳೆ. ಓದುತ್ತ ಓದುತ್ತ ತನ್ನನ್ನೇ ತಾನು ಕಂಡುಕೊಳ್ಳುತ್ತಾಳೆ ನಿಜ, ಆದರೆ ಯಾರೂ ಅವಳ ಬಾಯಿ ಮುಚ್ಚಿಸುವುದಿಲ್ಲ. ದೂರನ್ನು ಕೈಯಲ್ಲಿ ಹಿಡಿದುಕೊಂಡೇ ಅವಳು ದೇವರ ಸನ್ನಿಧಿಗೆ ಬರುತ್ತಾಳೆ. ಪಿಕಾರ್ದಾಳಿಗೆ ಸಿಗದಿದ್ದ, ಸೂಸನ್‌ಗೆ ಸಿಗದಿದ್ದ ಅವಕಾಶ ಇದು.

ಈ ಪುಸ್ತಕಗಳನ್ನು ಮಕ್ಕಳಿಗೆ ಓದಿ ಹೇಳುವ ತಾಯಂದಿರಿಗೆ, ಅಜ್ಜಿಯಂದಿರಿಗೆ ನನ್ನದೊಂದು ಸಲಹೆ. ಖಂಡಿತ ಓದಿ ಹೇಳಿ. ಹಾಡುವ ನಕ್ಷತ್ರಗಳನ್ನು ಮಕ್ಕಳಿಂದ ಕಿತ್ತುಕೊಳ್ಳಬೇಡಿ. ಅನಿಲದ ಉಂಡೆಯ ವಿಷಯ ಅವರು ಹೇಗೂ ಶಾಲೆಯಲ್ಲಿ ಕಲಿಯುತ್ತಾರೆ, ಕಲಿಯಲೂ ಬೇಕು. ಏಳನೆಯ ಪುಸ್ತಕ ಮುಗಿದಾಗ ಮಗು ಸುಮ್ಮನಿರಲಾರದು, ಸೂಸನ್ ಎಲ್ಲಿ ಎಂದು ಕೇಳುತ್ತದೆ. ಆಗ ಪುಸ್ತಕ ಮುಚ್ಚಿಟ್ಟು ದೀಪ ಆರಿಸಬೇಡಿ. ಅವಳ ಕಥೆ ಮುಂದೇನಾಗಿರಬಹುದೆಂದು ಮಗುವನ್ನೇ ಕೇಳಿ.